ಗೇಟಿನ ಆಚೆಯ ಚರಿತ್ರೆ

ಭದ್ರಾವತಿಯ ಹಳೇ ಊರಿನಲ್ಲಿ ಲಕ್ಷ್ಮೀನರಸಿಂಹನ ಗುಡಿಯಿದೆ. ಹೊಯ್ಸಳರ ಕಾಲದ್ದು, ಮೂರು ಗರ್ಭಗುಡಿಗಳ ತ್ರಿಕೂಟ. ಬೇಲೂರು-ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲ. ಆದರೂ ಬಂದವರು ಜಗತಿಯ ಮೇಲೆ ಒಂದು ಸುತ್ತು ಹಾಕಿ, ಗೋಡೆಯ ವಿಗ್ರಹಗಳ ಎದುರು ನಿಂತು, ಯಾವ ಕಾಲದ್ದು ಯಾರು ಕಟ್ಟಿಸಿದ್ದು ಎಂದು ವಿಚಾರಿಸಿಕೊಂಡೇ ಹೋಗುತ್ತಾರೆ. ಅದೇ ಊರಿನಲ್ಲಿ, ಹೊಳೆಯ ಆಚೀಚೆ ಹರಡಿಕೊಂಡ ಇನ್ನೊಂದು ಚರಿತ್ರೆಯ ಮುಂದೆ ಯಾರೂ ಹಾಗೆ ನಿಲ್ಲುವುದಿಲ್ಲ. ಚಿಮಣಿಗಳು ದೂರದಿಂದಲೇ ಕಾಣುತ್ತವೆ, ಬಸ್ಸು ಅವುಗಳನ್ನು ದಾಟಿ ಶಿವಮೊಗ್ಗದತ್ತ ಓಡುತ್ತದೆ. ಶಿವಮೊಗ್ಗಕ್ಕೆ ಬಂದವರು ಜೋಗ, ಸಕ್ರೆಬೈಲಿನ ಆನೆ ಬಿಡಾರ, ಕುಪ್ಪಳಿ, ತುಂಗೆಯ ದಡದ ಶಿವಪ್ಪ ನಾಯಕನ ಅರಮನೆ ನೋಡುತ್ತಾರೆ. ಮೈಸೂರು ಸಂಸ್ಥಾನ ತನ್ನ ದುಡ್ಡು, ಕಾಡು, ಗುಡ್ಡ, ನದಿ ಎಲ್ಲವನ್ನೂ ಪಣಕ್ಕಿಟ್ಟು ಕಟ್ಟಿದ ಉಕ್ಕಿನ ಊರು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಕಾರಣ ಸರಳ. ಅದಕ್ಕೆ ಟಿಕೆಟ್ ಕೌಂಟರ್ ಇಲ್ಲ. ಕಾರ್ಖಾನೆಯ ಗೇಟಿನಲ್ಲಿ ಕಾವಲಿದೆ, ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಆದರೆ ಭದ್ರಾವತಿಯ ಕೈಗಾರಿಕಾ ಪರಂಪರೆ ಇರುವುದು ಗೇಟಿನ ಒಳಗೆ ಮಾತ್ರವೇ ಅಲ್ಲ. ಕೆಮ್ಮಣ್ಣುಗುಂಡಿಯ ನೆತ್ತಿಯಿಂದ ಕಾಗದನಗರದ ಬೀದಿಗಳವರೆಗೆ ಅದು ಒಂದು ಸರಪಳಿ. ಅದಿರು, ಸೌದೆ, ಸುಣ್ಣಕಲ್ಲು, ನೀರು, ಹಳಿ, ವಿದ್ಯುತ್ತು ಅದರ ಕೊಂಡಿಗಳು. ಒಂದೊಂದನ್ನೇ ಹಿಡಿದು ಹೊರಟವರಿಗೆ ಗೇಟಿನ ಈಚೆಯೇ ಬೇಕಾದಷ್ಟು ಸಿಗುತ್ತದೆ.

ಕಲ್ಲಿದ್ದಲಿಲ್ಲದ ನಾಡಿನ ಕಬ್ಬಿಣ

1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ ಕೋಕ್ ಬಳಸಿ ಕಬ್ಬಿಣ ಕರಗಿಸಿದ. ಮುಂದಿನ ಇನ್ನೂರು ವರ್ಷಗಳಲ್ಲಿ ಜಗತ್ತಿನ ದೊಡ್ಡ ಕುಲುಮೆಗಳು ಇದ್ದಿಲನ್ನು ಬಿಟ್ಟು ಕಲ್ಲಿದ್ದಲಿನ ಹಿಂದೆ ಹೋದವು. ಮೈಸೂರು ಸಂಸ್ಥಾನದ ಕಷ್ಟವೇ ಬೇರೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಒಳ್ಳೆಯ ಅದಿರಿತ್ತು. ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು.ಎಫ್. ಸ್ಮೀತ್ ಅವರ ಕಾಲದಲ್ಲಿ ಸಂಸ್ಥಾನದ ಖನಿಜಗಳ ಲೆಕ್ಕವೂ ಸಿದ್ಧವಾಗಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಬಂಗಾಳ-ಬಿಹಾರದ ಗಣಿಗಳಿಂದ ರೈಲಿನಲ್ಲಿ ತರಿಸಿದರೆ ಕಬ್ಬಿಣಕ್ಕಿಂತ ಸಾಗಣೆಯೇ ದುಬಾರಿಯಾಗುತ್ತಿತ್ತು.

ಇದ್ದದ್ದು ಮಲೆನಾಡಿನ ಕಾಡು. 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಯೋಜನೆಯ ಗುಟ್ಟು ಇಲ್ಲಿದೆ. ಸೌದೆಯನ್ನು ಬಯಲಿನಲ್ಲಿ ಸುಟ್ಟು ಇದ್ದಿಲು ಮಾಡಿದರೆ ಹೊಗೆಯೆಲ್ಲ ಗಾಳಿಪಾಲು. ಅದೇ ಸೌದೆಯನ್ನು ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಕಾಯಿಸಿ, ಏಳುವ ಹಬೆಯನ್ನು ತಣಿಸಿ ಹಿಡಿದರೆ ಮೀಥೈಲ್ ಆಲ್ಕೊಹಾಲ್, ಅಸಿಟೇಟ್ ಆಫ್ ಲೈಮ್, ಡಾಂಬರು ಸಿಗುತ್ತವೆ. ಇವನ್ನು ಮಾರಿ ಬಂದ ಹಣ ಇದ್ದಿಲಿನ ಖರ್ಚನ್ನು ತುಂಬಬೇಕು, ಇದ್ದಿಲು ಅದಿರನ್ನು ಕರಗಿಸಬೇಕು. ಕಾರ್ಖಾನೆಯ ಮೊದಲ ಹೆಸರೇ ಈ ಲೆಕ್ಕಾಚಾರವನ್ನು ಹೇಳುತ್ತಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಸೌದೆಯ ಬಟ್ಟಿ ಇಳಿಸುವಿಕೆ ಮೊದಲು, ಕಬ್ಬಿಣ ಆಮೇಲೆ. ಜೆಮ್‌ಷೆಡ್‌ಪುರದ ಟಾಟಾ ಕಾರ್ಖಾನೆಗೆ ಸಲಹೆ ಕೊಟ್ಟಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಇಲ್ಲಿಯೂ ಸಲಹೆಗಾರರಾದರು.

ಜಾಗ ಬೆಂಕಿಪುರ, ಇಂದಿನ ಭದ್ರಾವತಿ. ಬೀರೂರು-ಶಿವಮೊಗ್ಗ ರೈಲು 1899ರಲ್ಲೇ ಇಲ್ಲಿಗೆ ಬಂದಿತ್ತು. ಭದ್ರೆಯ ನೀರಿತ್ತು. ಸುಣ್ಣಕಲ್ಲು ಹತ್ತಿರದ ಭಂಡಿಗುಡ್ಡದಲ್ಲಿ, ಕಾಡು ಮೂರು ದಿಕ್ಕಿನಲ್ಲಿ. 1923ರ ಜನವರಿ 18ರಂದು ಕುಲುಮೆ ಕಬ್ಬಿಣ ಕೊಡಲು ಶುರುಮಾಡಿತು.

ಶುರುವಾದ ಗಳಿಗೆ ಚೆನ್ನಾಗಿರಲಿಲ್ಲ. ಮೊದಲ ಮಹಾಯುದ್ಧದ ಕಾಲದ ಬೆಲೆ ನೋಡಿ ಹಾಕಿದ ಲೆಕ್ಕ, ಯುದ್ಧ ಮುಗಿದ ಮೇಲಿನ ಮಾರುಕಟ್ಟೆಯಲ್ಲಿ ಕುಸಿಯಿತು. ಅಷ್ಟೇ ದೊಡ್ಡ ಪೆಟ್ಟು ಜರ್ಮನಿಯಿಂದ ಬಂತು. ಅದೇ 1923ರಲ್ಲಿ ಬಿಎಎಸ್‌ಎಫ್ ಕಂಪನಿ ಲಾಯ್ನಾ ಎಂಬಲ್ಲಿ ಮರದ ಹಂಗಿಲ್ಲದೆ, ಅನಿಲಗಳಿಂದಲೇ ಮೀಥೈಲ್ ಆಲ್ಕೊಹಾಲ್ ತಯಾರಿಸತೊಡಗಿತು. ಕೆಲವೇ ವರ್ಷಗಳಲ್ಲಿ ಸೌದೆ ಬಟ್ಟಿಯ ಉದ್ಯಮ ಜಗತ್ತಿನಾದ್ಯಂತ ನೆಲಕಚ್ಚಿತು. ಬೆಂಕಿಪುರದ ಕುಲುಮೆಗೆ ಬೆಂಕಿ ಬಿದ್ದ ವರ್ಷವೇ ಅದರ ಅರ್ಧ ಆದಾಯದ ಲೆಕ್ಕ ದೂರದ ಪ್ರಯೋಗಶಾಲೆಯೊಂದರಲ್ಲಿ ತಪ್ಪಿಹೋಗಿತ್ತು.

ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯ 1923ರಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಡೆಸಿದರು. ಖರ್ಚು ಇಳಿಸಿದರು, ಹೊರದೇಶದ ತಜ್ಞರ ಜಾಗಕ್ಕೆ ಇಲ್ಲಿಯವರನ್ನೇ ತಯಾರು ಮಾಡಿದರು. ಆ ಸೇವೆಗಾಗಿ ಸರ್ಕಾರದಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಬೆಂಗಳೂರಿನಲ್ಲಿ ವೃತ್ತಿ ಶಿಕ್ಷಣ ಸಂಸ್ಥೆಯೊಂದನ್ನು ಕಟ್ಟಲು ಬಿಟ್ಟುಕೊಟ್ಟರು. 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದು. ಕೆ.ಆರ್. ಸರ್ಕಲ್ ಬಳಿ ಈಗಲೂ ಎಸ್‌ಜೆಪಿ ಎಂದೇ ಕರೆಸಿಕೊಳ್ಳುವ ಆ ಕಟ್ಟಡವನ್ನು ಭದ್ರಾವತಿಯ ಇನ್ನೊಂದು ಕೊಂಡಿ ಎಂದೇ ನೋಡಬಹುದು.

ಗುಡ್ಡದಿಂದ ಕುಲುಮೆಗೆ

ಈ ಚರಿತ್ರೆಯಲ್ಲಿ ಇಂದು ಯಾರು ಬೇಕಾದರೂ ಹೋಗಿ ನೋಡಬಹುದಾದ ಅತ್ಯಂತ ಸೊಗಸಾದ ತಾಣ ಕಾರ್ಖಾನೆಯಿಂದ ದೂರದಲ್ಲಿದೆ. ತರೀಕೆರೆ, ಲಿಂಗದಹಳ್ಳಿ ಹಾದು ಕಲ್ಲತ್ತಿಗಿರಿಯ ಜಲಪಾತ ದಾಟಿ ಏರಿದರೆ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆ ತಂಗುದಾಣವಾಗಿದ್ದರಿಂದ ಕೆ.ಆರ್. ಹಿಲ್ಸ್ ಎಂಬ ಹೆಸರೂ ಇದೆ. ಈಗ ತೋಟಗಾರಿಕೆ ಇಲಾಖೆಯ ಗಿರಿಧಾಮ. ಬರುವವರು ಗುಲಾಬಿ ತೋಟ, ರಾಜಭವನ, ಝಡ್ ಪಾಯಿಂಟ್, ಹೆಬ್ಬೆ ಜಲಪಾತ ಎಂದು ಓಡಾಡುತ್ತಾರೆ. ಕಾಲಿಗೆ ಮೆತ್ತುವ ಕೆಂಪು ಮಣ್ಣು ಅದಿರಿನ ಮಣ್ಣು ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ.

ಇಲ್ಲಿ ಅಗೆದ ಅದಿರು ತೊಟ್ಟಿಲುಗಳಲ್ಲಿ ಕೂತು ತಂತಿಯ ಮೇಲೆ ತೇಲಿ ಕಣಿವೆಯ ತಣಿಗೆಬೈಲಿಗೆ ಇಳಿಯುತ್ತಿತ್ತು. ರೋಪ್‌ವೇ ಎಂದರೆ ಈಗ ಪ್ರವಾಸಿಗರ ಮೋಜು. ಅದಿರಿನ ರೋಪ್‌ವೇಗೆ ಅದರದೇ ಜಾಣತನವಿತ್ತು. ತುಂಬಿದ ತೊಟ್ಟಿಲು ಇಳಿಯುವ ಭಾರವೇ ಖಾಲಿ ತೊಟ್ಟಿಲನ್ನು ಮೇಲಕ್ಕೆ ಎಳೆಯಲು ನೆರವಾಗುತ್ತದೆ. ಎತ್ತರವೇ ಇಂಧನ. ತಣಿಗೆಬೈಲಿನಿಂದ ಮುಂದೆ ಎರಡು ಅಡಿ ಅಗಲದ ಪುಟ್ಟ ಹಳಿ. ಉಗಿ ಎಂಜಿನ್ ಕಾಡಿನ ನಡುವೆ ಅದಿರಿನ ಗಾಡಿಗಳನ್ನು ಎಳೆದುಕೊಂಡು ಭದ್ರಾವತಿಗೆ ಬರುತ್ತಿತ್ತು. ಸೌದೆಗೂ ಇಂಥದೇ ಟ್ರಾಮ್ ದಾರಿಗಳು ಕಾಡಿನೊಳಗೆ ಹೊಕ್ಕಿದ್ದವು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಜನರನ್ನು ಒಯ್ಯುತ್ತಿದ್ದ ಪುಟ್ಟ ರೈಲನ್ನು ಹಿರಿಯರು ಈಗಲೂ ಟ್ರಾಮ್ ಎಂದೇ ನೆನೆಯುತ್ತಾರೆ. ಅದರದೂ ಎರಡೇ ಅಡಿ ಅಗಲ.

ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿದೆ. ತಣಿಗೆಬೈಲಿನ ಕಾಡು ಭದ್ರಾ ಹುಲಿ ಮೀಸಲಿಗೆ ಸೇರಿದೆ. ಟ್ರಾಮ್ ದಾರಿ ಹುಡುಕುತ್ತೇನೆಂದು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನುಗ್ಗುವಂತಿಲ್ಲ. ಗಣಿ ಅಗೆದ ಗುಡ್ಡದ ಮೈಯನ್ನು ಹಸಿರು ಮತ್ತೆ ಹೊದ್ದುಕೊಳ್ಳುತ್ತಿರುವುದು ರಸ್ತೆಯಿಂದಲೇ ಕಾಣುತ್ತದೆ. ಹಾಗೆಂದು ಈ ಚರಿತ್ರೆಯನ್ನು ಬರೀ ಹೆಮ್ಮೆಯ ಕಥೆಯಾಗಿ ಹೇಳುವುದು ಸಲ್ಲ. ಇದ್ದಿಲಿನ ಕುಲುಮೆಯ ಹೊಟ್ಟೆ ತುಂಬಿಸಿದ್ದು ದಶಕಗಳ ಕಾಲ ಕಡಿದ ಮಲೆನಾಡಿನ ಮರ. ಭದ್ರಾವತಿಯಲ್ಲಿ ಮುಂದೆ ಯಾವತ್ತಾದರೂ ಮ್ಯೂಸಿಯಂ ಆದರೆ ಅದರ ಮೊದಲ ಕೋಣೆ ಕಾಡಿನದಾಗಿರಬೇಕು.

ಜೋಗದ ವಿದ್ಯುತ್ತು, ಕಾಗದದ ಊರು

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1926ರಿಂದ 1941ರ ಅವಧಿ ಭದ್ರಾವತಿಯ ಎರಡನೇ ಹುಟ್ಟು. 1936ರಲ್ಲಿ ಕಬ್ಬಿಣದ ಜೊತೆಗೆ ಉಕ್ಕೂ ಬಂತು. ಹೆಸರು ಮೈಸೂರು ಐರನ್ ಅಂಡ್ ಸ್ಟೀಲ್ ವರ್ಕ್ಸ್ ಆಯಿತು. ಬೀಡು ಕಬ್ಬಿಣದ ಕೊಳವೆಗಳು, ಸಿಮೆಂಟು, ಫೆರೊಸಿಲಿಕಾನ್ ಒಂದೊಂದಾಗಿ ಸೇರಿದವು. 1936ರಲ್ಲೇ ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ) ಸ್ಥಾಪನೆಯಾಯಿತು. ಕಬ್ಬಿಣಕ್ಕೆ ಮರ ಒದಗಿಸಿದ ಕಾಡೇ ಕಾಗದಕ್ಕೆ ಬಿದಿರು ಒದಗಿಸಿತು.

ಎರಡನೇ ತಿರುವು ಜೋಗದಿಂದ. ಶರಾವತಿಯ ದಂಡೆಯ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ 1940ರ ದಶಕದ ಕೊನೆಗೆ ಕೆಲಸ ಶುರುಮಾಡಿತು. 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಅದಿರನ್ನು ಕರಗಿಸುವ ಬಿಸಿ ಇನ್ನು ಮೇಲೆ ಮರದಿಂದಲ್ಲ, ಬೀಳುವ ನೀರಿನಿಂದ. ನಾರ್ವೆ, ಸ್ವೀಡನ್ನಿನಂಥ ಜಲಪಾತಗಳ ನಾಡಿನಲ್ಲಿ ರೂಢಿಯಲ್ಲಿದ್ದ ವಿಧಾನ ಮಲೆನಾಡಿಗೂ ಹೇಳಿಮಾಡಿಸಿದಂತಿತ್ತು. ಜೋಗಕ್ಕೆ ಹೋಗುವವರು ಜಲಪಾತದ ಎದುರು ನಿಂತಾಗ ಗುಡ್ಡದ ಮೇಲಿಂದ ಇಳಿಯುವ ಪೆನ್‌ಸ್ಟಾಕ್ ಕೊಳವೆಗಳತ್ತಲೂ ಕಣ್ಣು ಹಾಯಿಸಿದರೆ ಕಥೆಯ ಈ ಕೊಂಡಿ ಸಿಗುತ್ತದೆ. ಆ ವಿದ್ಯುದಾಗಾರಕ್ಕೆ ನೀರು ಕೂಡಿಟ್ಟ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು ಮೇಲೆದ್ದು ಕಾಣುತ್ತದೆ. ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳು, ಮಟ್ಟ ಮೀರಿದ ನೀರನ್ನು ಬಾಗಿಲು ಎತ್ತುವ ಗೋಜಿಲ್ಲದೆ ತಾವೇ ಎಳೆದು ಹೊರಹಾಕುತ್ತಿದ್ದ ದುಂಡನೆಯ ಬಾಯಿಗಳು, ನೋಡಿದವರನ್ನು ಬೆರಗಾಗಿಸುತ್ತವೆ.

ಕಾಗದ ಕಾರ್ಖಾನೆ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 1980ರ ದಶಕದಲ್ಲಿ ಸುದ್ದಿ ಕಾಗದಕ್ಕೂ ಇಳಿಯಿತು. ಕನ್ನಡದ ಎಷ್ಟೋ ಪತ್ರಿಕೆಗಳು ಬೆಳಗ್ಗೆ ಮನೆಬಾಗಿಲಿಗೆ ಬಂದದ್ದು ಭದ್ರೆಯ ದಡದಲ್ಲಿ ತಯಾರಾದ ಕಾಗದದ ಮೇಲೆ. 2015ರ ಕೊನೆಗೆ ಎಂಪಿಎಂ ಯಂತ್ರಗಳು ನಿಂತವು. ಕಾಗದಕ್ಕಾಗಿ ಬೆಳೆಸಿದ ಅಕೇಶಿಯಾ ಮತ್ತು ನೀಲಗಿರಿ ನೆಡುತೋಪುಗಳು ಮಾತ್ರ ಉಳಿದವು. ಕಾರ್ಖಾನೆಯೇ ಇಲ್ಲದ ಮೇಲೆ ಆ ಭೂಮಿ ಯಾರದು, ಅಕೇಶಿಯಾ ಮತ್ತೆ ಬೇಕೇ ಎಂದು ಮಲೆನಾಡಿನ ಹಳ್ಳಿಗಳು ಬೀದಿಗಿಳಿದು ಕೇಳಿವೆ.

ಶಿವಮೊಗ್ಗ ನಗರದ ಪಾಲು ಈ ಕಥೆಯಲ್ಲಿ ಚಿಕ್ಕದು, ಆದರೆ ಘಮಘಮಿಸುವಂಥದು. ಮೊದಲ ಮಹಾಯುದ್ಧ ಜರ್ಮನಿಯ ಮಾರುಕಟ್ಟೆ ಮುಚ್ಚಿದಾಗ ಸಂಸ್ಥಾನದ ಗಂಧದ ಕೊರಡುಗಳು ರಾಶಿ ಬಿದ್ದವು. ಅದರಿಂದ ಹುಟ್ಟಿದ್ದು ಮೈಸೂರಿನ ಗಂಧದೆಣ್ಣೆ ಕಾರ್ಖಾನೆ. 1944ರಲ್ಲಿ ಅದರ ತಂಗಿಯಾಗಿ ಶಿವಮೊಗ್ಗದಲ್ಲಿ ಇನ್ನೊಂದು ಶುರುವಾಯಿತು. ಇಂದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಾದಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳು ಸಾಲಾಗಿವೆ. ಕಬ್ಬಿಣ ಕಾಯಿಸುವ, ಅಚ್ಚು ಕಟ್ಟುವ ವಿದ್ಯೆ ಬಲ್ಲ ಕೈಗಳು ಈ ಸೀಮೆಯಲ್ಲಿ ಮೂರ್ನಾಲ್ಕು ತಲೆಮಾರಿನಿಂದ ಇವೆ.

ಶಿಫ್ಟಿನ ಲೆಕ್ಕದ ಊರು

ಭದ್ರಾವತಿಯನ್ನು ನೋಡುವ ಇನ್ನೊಂದು ದಾರಿ ನಡಿಗೆ. ನ್ಯೂಟೌನ್, ಜನ್ನಾಪುರ, ಹುತ್ತಾ ಕಾಲೊನಿ, ಕಾಗದನಗರ. ನೇರ ರಸ್ತೆಗಳು, ದೊಡ್ಡ ಮರಗಳು, ಒಂದೇ ಅಳತೆಯ ಕ್ವಾರ್ಟರ್ಸ್. ಕೆಲವು ಮನೆಗಳ ಹೆಂಚು ಕುಸಿದಿದೆ, ಅಂಗಳದಲ್ಲಿ ಹುಲ್ಲು ಎದೆಯೆತ್ತರ ಬೆಳೆದಿದೆ. ಇನ್ನು ಕೆಲವದರಲ್ಲಿ ನಿವೃತ್ತರ ಸಂಸಾರಗಳಿವೆ. ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಮಲಯಾಳ ಒಂದೇ ಬೀದಿಯಲ್ಲಿ ಕೇಳುವುದು ಕಾರ್ಖಾನೆ ಕಟ್ಟಿದ ಊರಿನ ಗುರುತು. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟ್ ಶಿಫ್ಟು, ಈ ಲೆಕ್ಕದ ಮೇಲೆ ಮನೆಯ ಅಡುಗೆ, ಮಕ್ಕಳ ನಿದ್ದೆ, ಸಿನಿಮಾ, ನಾಟಕದ ತಾಲೀಮು ಎಲ್ಲ ನಡೆಯುತ್ತಿತ್ತು.

ಈ ಊರಿನಿಂದ ಎಂಥೆಂಥವರು ಬಂದರು ನೋಡಿ. ಮಣಿಕಟ್ಟಿನ ಜಾದೂಗಾರ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ ಇಲ್ಲಿ. ತೆರೆಯ ಮೇಲೆ ನಗಿಸುವ ಮೊದಲು ನಟ ದೊಡ್ಡಣ್ಣ ಇದೇ ಉಕ್ಕಿನ ಕಾರ್ಖಾನೆಯ ನೌಕರ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ ಊರಿನ ಹೆಸರನ್ನು ಮಲೆನಾಡಿನ ಮನೆಮನೆಗೂ, ಅಡಿಕೆ ತೋಟಗಳಿಗೂ ಮುಟ್ಟಿಸಿತು. ಕಬ್ಬಿಣ ನೋಡದವರಿಗೂ ಭದ್ರಾವತಿ ಎಂಬ ಧ್ವನಿ ಗೊತ್ತು.

ಬೀಗ ಬೀಳುವ ಮುಂಚೆ

ಕೈಗಾರಿಕಾ ಪರಂಪರೆಯನ್ನು ಜನರಿಗೆ ತೆರೆದ ಊರುಗಳು ಜಗತ್ತಿನಲ್ಲಿ ಹಲವಿವೆ. ಜರ್ಮನಿಯ ಫೋಲ್ಕ್ಲಿಂಗೆನ್ ಕಬ್ಬಿಣ ಕಾರ್ಖಾನೆ 1986ರಲ್ಲಿ ಉತ್ಪಾದನೆ ನಿಲ್ಲಿಸಿತು, 1994ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ಜನ ಊದುಕುಲುಮೆಯ ನೆತ್ತಿಯವರೆಗೆ ಮೆಟ್ಟಿಲು ಹತ್ತುತ್ತಾರೆ. ಅಮೆರಿಕದ ಅಲಬಾಮಾದ ಸ್ಲಾಸ್ ಕುಲುಮೆಗಳು 1983ರಿಂದ ಮ್ಯೂಸಿಯಂ. ಅಲ್ಲಿ ಇಂದಿಗೂ ಲೋಹದ ಎರಕ ಹೊಯ್ಯುವುದನ್ನು ಕಲಿಸುತ್ತಾರೆ. ಭದ್ರಾವತಿಗೆ ತೀರ ಹತ್ತಿರದ ನೆಂಟಸ್ತಿಕೆ ಇರುವುದು ಸ್ವೀಡನ್ನಿನ ಎಂಗೆಲ್ಸ್‌ಬರ್ಗ್ ಜೊತೆ. ಅದೂ ಕಾಡಿನ ನಡುವೆ ಇದ್ದಿಲಿನಲ್ಲಿ ಕಬ್ಬಿಣ ಕರಗಿಸಿದ ತಾಣ. 1993ರಿಂದ ವಿಶ್ವ ಪರಂಪರೆ.

ಭದ್ರಾವತಿಯಲ್ಲಿ ಮ್ಯೂಸಿಯಂ ಎಂಬ ಮಾತು ಎತ್ತುವುದು ಅಷ್ಟು ಸುಲಭವಲ್ಲ. ಫೋಲ್ಕ್ಲಿಂಗೆನ್ ಆಗಲಿ ಸ್ಲಾಸ್ ಆಗಲಿ ಮ್ಯೂಸಿಯಂ ಆದದ್ದು ಬೆಂಕಿ ಆರಿದ ಮೇಲೆ. ಇಲ್ಲಿ ಬೆಂಕಿ ಆರಬಾರದು ಎಂಬುದೇ ಹೋರಾಟ. ಉಕ್ಕಿನ ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್ ತೆಕ್ಕೆಗೆ ಬಂತು, 1998ರಲ್ಲಿ ಅದರೊಳಗೆ ವಿಲೀನವಾಯಿತು. ಸ್ವಂತ ಗಣಿ ಇಲ್ಲ, ಹೊಸ ಬಂಡವಾಳ ಇಲ್ಲ ಎಂಬ ದೂರು ವರ್ಷಗಟ್ಟಲೆ ಕೇಳಿಬಂತು. ಖಾಸಗಿಯವರಿಗೆ ಮಾರುವ ಪ್ರಯತ್ನ 2022ರಲ್ಲಿ ಕೈಬಿಟ್ಟುಹೋಯಿತು. 2023ರ ಜನವರಿಯಲ್ಲಿ, ಕುಲುಮೆಗೆ ನೂರು ತುಂಬಿದ ತಿಂಗಳಲ್ಲೇ, ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಆಗಸ್ಟ್‌ನಲ್ಲಿ ಕೆಲವು ವಿಭಾಗಗಳಲ್ಲಿ ಕೆಲಸ ಮತ್ತೆ ಶುರುವಾಯಿತು. ಇಂಥ ಊರಿನಲ್ಲಿ ಸ್ಮಾರಕ ಎಂದರೆ ಬದುಕಿರುವವರ ಮನೆಗೆ ತಿಥಿ ಊಟದ ಕರೆ ಹೋದಂತೆ.

ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ಯಾರೂ ಹೇಳಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ವಿಮಾನ ತಯಾರಿಸುತ್ತಲೇ 2001ರಲ್ಲಿ ತನ್ನ ಹಳೆಯ ವಿಮಾನಗಳನ್ನು ಇಟ್ಟು ಮ್ಯೂಸಿಯಂ ತೆರೆಯಿತು. ಮೈಸೂರಿನಲ್ಲಿ ರೈಲು ಓಡುತ್ತಿರುವಾಗಲೇ, 1979ರಿಂದ, ನಿಲ್ದಾಣದ ಪಕ್ಕದಲ್ಲೇ ರೈಲು ವಸ್ತುಸಂಗ್ರಹಾಲಯವಿದೆ. ಭದ್ರಾವತಿಯ ಮಹಾಪೋಷಕನ ಹೆಸರಿನಲ್ಲೇ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1965ರಿಂದ ಒಂದು ತಾಂತ್ರಿಕ ಮ್ಯೂಸಿಯಂ ಇದೆ. ಶಾಲಾ ಮಕ್ಕಳು ಬಸ್ಸುಗಟ್ಟಲೆ ಅಲ್ಲಿಗೆ ಹೋಗುತ್ತಾರೆ. ವಿಶ್ವೇಶ್ವರಯ್ಯ ಬೆವರು ಸುರಿಸಿದ ಊರಿಗೆ ಹೋಗುವುದಿಲ್ಲ.

ಕಾನೂನಿನ ಕಡೆಯಿಂದಲೂ ಈಗ ಸಮಯ ಬಂದಿದೆ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಯ ಪ್ರಕಾರ ಯಾವುದೇ ಕಟ್ಟಡ ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು. ಭದ್ರಾವತಿಯ ಕಾರ್ಖಾನೆಯ ಶುರುವಿನ ದಿನಗಳ ಕಟ್ಟಡಗಳು ಆ ಗೆರೆಯನ್ನು ದಾಟಿವೆ. ಯಂತ್ರಗಳು ಕಾಲಕಾಲಕ್ಕೆ ಬದಲಾಗಿವೆ ನಿಜ. ಹಾಗಾಗಿ ಮೊದಲ ಕೆಲಸ ಪಟ್ಟಿ ಮಾಡುವುದು: ಯಾವ ಶೆಡ್ಡು ಯಾವ ಕಾಲದ್ದು, ಯಾವ ಯಂತ್ರ ಎಲ್ಲಿಂದ ಬಂತು, ಯಾವ ನಕ್ಷೆ ಯಾವ ಕಪಾಟಿನಲ್ಲಿದೆ. ಇವನ್ನು ಹೇಳಬಲ್ಲವರು ಜನ್ನಾಪುರ, ನ್ಯೂಟೌನಿನ ಮನೆಗಳಲ್ಲಿ ಕೂತಿರುವ ನಿವೃತ್ತ ಫೋರ್‌ಮನ್‌ಗಳು, ಫಿಟ್ಟರ್‌ಗಳು. ಯಂತ್ರಗಳನ್ನು ಗುಜರಿಗೆ ಹಾಕುವ ಟೆಂಡರ್ ಅವರನ್ನು ಕಾಯುವುದಿಲ್ಲ, ವಯಸ್ಸೂ ಕಾಯುವುದಿಲ್ಲ.

ಕೊಂಡಿಗಳ ಒಡೆಯರು ಬೇರೆ ಬೇರೆ. ಕಾರ್ಖಾನೆ ಸೇಲ್‌ನದು, ಕಾಗದನಗರ ರಾಜ್ಯ ಸರ್ಕಾರದ್ದು, ತಣಿಗೆಬೈಲು ಅರಣ್ಯ ಇಲಾಖೆಯದು, ಜೋಗದ ವಿದ್ಯುದಾಗಾರ ವಿದ್ಯುತ್ ನಿಗಮದ್ದು. ಇವರೆಲ್ಲ ಒಂದೇ ಮೇಜಿಗೆ ಬರುವುದು ತಡವಾಗಬಹುದು. ಕೆಮ್ಮಣ್ಣುಗುಂಡಿಯಲ್ಲಿ ಮಾತ್ರ ಯಾರನ್ನೂ ಕಾಯಬೇಕಿಲ್ಲ. ಅಲ್ಲಿ ಪ್ರವಾಸಿಗರು ಈಗಾಗಲೇ ಇದ್ದಾರೆ, ಪ್ರವೇಶ ಶುಲ್ಕವಿದೆ, ವಸತಿಯಿದೆ, ತೋಟಗಾರಿಕೆ ಇಲಾಖೆಯ ಸಿಬ್ಬಂದಿ ಇದ್ದಾರೆ. ರೋಪ್‌ವೇ ಎಲ್ಲಿಂದ ಹೊರಡುತ್ತಿತ್ತು, ತೊಟ್ಟಿಲು ಹೇಗೆ ಇಳಿಯುತ್ತಿತ್ತು, ಕೆಳಗೆ ಯಾವ ಹಳಿ ಕಾಯುತ್ತಿತ್ತು ಎಂದು ತೋರಿಸುವ ನಕ್ಷೆ, ನಾಲ್ಕು ಹಳೆಯ ಫೋಟೊ, ಕೈಗೆತ್ತಿ ತೂಕ ನೋಡಲು ಒಂದು ಅದಿರಿನ ಗಟ್ಟಿ, ಕನ್ನಡದಲ್ಲಿ ಒಂದು ಫಲಕ ಇಟ್ಟರೆ ಮುಂದಿನ ವಾರಾಂತ್ಯದಿಂದಲೇ ಅಲ್ಲೊಂದು ಪುಟ್ಟ ಮ್ಯೂಸಿಯಂ ಶುರುವಾಗುತ್ತದೆ. ಗುಡ್ಡ ಇಳಿಯುವಾಗ ಯಾರಾದರೂ ಕಾರನ್ನು ತರೀಕೆರೆಯಲ್ಲಿ ಬೆಂಗಳೂರಿನ ಕಡೆಗೆ ತಿರುಗಿಸದೆ ಭದ್ರಾವತಿಯ ಕಡೆಗೆ ತಿರುಗಿಸಿದರೆ, ಸೇಲ್ ಅಧಿಕಾರಿಗಳ ಮುಂದೆ ಇಡಲು ಪ್ರವಾಸೋದ್ಯಮ ಇಲಾಖೆಗೆ ಒಂದು ಲೆಕ್ಕವಾದರೂ ಸಿಗುತ್ತದೆ.